ಬೆಚ್ಚಗಾಗದ ಕಡಲು

ಪ್ರಮಿಲಾ ಸರ್ಕಾರಿ ನೌಕರಿ ಬಿಟ್ಟು ಗಾಣಗಾಪುರಕ್ಕೆ ವಾಪಸು ಬಂದಾಗ ಊರಿಗೆ ಸಂತೋಷವಾಯಿತು. ಮೇಲೆ ಹೋದವರು ಕೆಳಗೆ ಇಳಿದು ಬಂದರೆ ಆಗುವಂಥ ಸಂತೋಷ ಅದು. ಅದಕ್ಕೆ ಖರ್ಚಿಲ್ಲ, ತೀರ್ಥದ ಹಾಗೆ ಕೈ ಚಾಚಿದವರಿಗೆಲ್ಲ ಸಿಗುತ್ತದೆ.

ದತ್ತಪಾದುಕೆಗಳ ಪೂಜೆಗೆ ಸರದಿ ಇದ್ದ ಮನೆತನದ ಹುಡುಗಿ ಗಣಿತದಲ್ಲಿ ಪಿಎಚ್‌ಡಿ ಮಾಡಿ, ಕಡಲ ದಂಡೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೀನುಗಳ ಲೆಕ್ಕ ಮಾಡಲು ಹೋದದ್ದೇ ಊರಿಗೆ ಅರಗಿರಲಿಲ್ಲ. ಮುಟ್ಟುವುದಿಲ್ಲ, ತಿನ್ನುವುದಿಲ್ಲ, ಬರೀ ಕಂಪ್ಯೂಟರಿನಲ್ಲಿ ಲೆಕ್ಕ ಎಂದು ಅವಳ ಅಣ್ಣ ಹರಿ ಎಷ್ಟು ಹೇಳಿದರೂ ಗುಡಿಯ ಓಣಿಯಲ್ಲಿ ಅವಳ ಹೆಸರು ಬಂದರೆ ಮೂಗಿಗೆ ಸೆರಗು ಹಿಡಿಯುವವರು ಇದ್ದೇ ಇದ್ದರು. ಆಳಂದದಿಂದ ಬಂದ ಒಂದು ಸಂಬಂಧ ಇದೇ ಕಾರಣಕ್ಕೆ ಮುರಿದಿತ್ತು. ವರ ವಕೀಲ. ಕಕ್ಷಿದಾರನಿಗಾಗಿ ದಿನಾ ಸುಳ್ಳು ಹೇಳುವುದಕ್ಕೆ ಅವನ ಮಡಿಗೆ ಅಡ್ಡಿಯಿರಲಿಲ್ಲ. ಮೀನು ಎಣಿಸುವ ಹೆಂಡತಿ ಬಂದರೆ ಮಾತ್ರ ಮೈಲಿಗೆಯಾಗುತ್ತಿತ್ತು.

ಪ್ರಮಿಲಾ ಇದಕ್ಕೆಲ್ಲ ಬಗ್ಗುವವಳಲ್ಲ. ಊರು ಅವಳನ್ನು ನೋಡಿ ನಕ್ಕಿದ್ದಕ್ಕಿಂತ ಹೆಚ್ಚಾಗಿ ಅವಳು ಊರನ್ನು ನೋಡಿ ನಗುತ್ತಿದ್ದಳು. ಅಫಜಲಪುರದ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿಗೆ ಗಣಿತ ಕಲಿಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಚೌಡಾಪುರಕ್ಕೆ ಹೋಗಿ, ಅಲ್ಲಿ ಬಸ್ಸು ಹಿಡಿದು ಹೋಗುವಳು. ಸಂಜೆ ಬಂದು ಯಾರೊಡನೆಯೂ ಮಾತಾಡದೆ ಕೂಡುವಳು. ಅವಳು ಮಾತಾಡುತ್ತಿದ್ದುದು ಹರಿಯ ಹೆಂಡತಿ ಸುಲಭಾಳೊಡನೆ ಮಾತ್ರ. ಯಾಕೆಂದರೆ ಸುಲಭಾ, ನೌಕರಿ ಯಾಕೆ ಬಿಟ್ಟೆ ಎಂದು ಒಮ್ಮೆಯೂ ಕೇಳಲಿಲ್ಲ. ಆಕೆ ಕೇಳಿದ್ದು ಬೇರೆ.

"ಮಾಡೆಲ್ ಮಾಡೆಲ್ ಅಂತಿದ್ದೆಲ್ಲ, ಅದೇನ್ ಮಣ್ಣಿಂದೇನು? ಗಣಪತಿ ಮಾಡ್ತಾರಲ್ಲ, ಹಂಗ?" ಎಂದು ಒಂದು ದಿನ ಅಕ್ಕಿ ಹಸನು ಮಾಡುತ್ತ ಕೇಳಿದಳು.

"ಲೆಕ್ಕದ್ದು, ವೈನಿ. ಕೊಬ್ರಿ ವಡಿ ಹೆಂಗ ಚೌಕ ಚೌಕ ಕೊಯ್ತಿ? ಹಂಗ ಸಮುದ್ರಾನ ಕಂಪ್ಯೂಟರಿನ್ಯಾಗ ಚೌಕ ಕೊಯ್ಯೂದು. ಯಾವ ಚೌಕದಾಗ ನೀರ ಎಷ್ಟು ಬೆಚ್ಚಗ ಅದ, ಎಷ್ಟು ಉಪ್ಪದ, ಮೀನಿಗೆ ತಿನ್ಲಿಕ್ಕೆ ಏನದ, ಎಲ್ಲಾ ಬರದು ಇಡೂದು. ಆಮ್ಯಾಲ ನೀರ ಸ್ವಲ್ಪ ಬಿಸಿ ಮಾಡಿ ನೋಡೂದು. ಮೀನ ಯಾವ ಚೌಕ ಬಿಟ್ಟು ಯಾವ ಚೌಕಕ್ಕ ಸರೀತಾವ ಅಂತ ಲೆಕ್ಕ ಹೇಳ್ತದ."

"ನೀರ ಬಿಸಿ ಯಾಕ ಆಗ್ತದ?"

"ಭೂಮೀನ ಬಿಸಿ ಆಗಾಕತ್ತದ ವೈನಿ. ಕಾರಖಾನಿ ಹೊಗಿ, ಮೋಟಾರ ಹೊಗಿ. ಗಾಳಿ ಬಿಸಿ ಆದ್ರ ಸಮುದ್ರ ಎಷ್ಟು ದಿನ ತಣ್ಣಗ ಇದ್ದೀತು?"

"ಮೀನ ಸರಿಯೂದು ಖರೇನ ಬಿಡು," ಎಂದಳು ಸುಲಭಾ. "ಬ್ಯಾಸಗ್ಯಾಗ ನಾವ ಒಳಗ ಮಲಗ್ತೇವೇನು?"

ಪ್ರಮಿಲಾ ಊರಿಗೆ ಬಂದ ಮೇಲೆ ಮನಸಾರೆ ನಕ್ಕಿದ್ದು ಅವತ್ತೇ ಮೊದಲು.

ನೌಕರಿ ಬಿಟ್ಟದ್ದರ ಕತೆ ಹೀಗಿತ್ತು. ಆ ಸಂಸ್ಥೆಯ ನಿರ್ದೇಶಕರು ಡಾಕ್ಟರ್ ವ್ಯಂಕಟೇಶ ನೆಲೋಗಿಕರ್, ಜೇವರ್ಗಿ ತಾಲೂಕಿನವರು. ಭೀಮಾ ನದಿಯಲ್ಲೂ ಈಜು ಬಾರದ ಈ ಮಹನೀಯರು ಅರಬ್ಬೀ ಸಮುದ್ರದ ತಜ್ಞರಾದದ್ದು ನಮ್ಮ ದೇಶದಲ್ಲಿ ಅಚ್ಚರಿಯ ಸಂಗತಿಯೇನಲ್ಲ. ಕಡಲನ್ನು ಅವರು ಹೆಚ್ಚಾಗಿ ಅತಿಥಿಗೃಹದ ಕಿಟಕಿಯಿಂದ ನೋಡುತ್ತಿದ್ದರು, ಅದೂ ಮಂತ್ರಿಗಳು ಬಂದಾಗ. ದೋಣಿ ಹತ್ತಿದರೆ ತಲೆ ಸುತ್ತುತ್ತದೆ ಎಂದು ಒಮ್ಮೆಯೂ ಹತ್ತಿದವರಲ್ಲ. "ನಮ್ಮ ಕಡಿ ಹುಡುಗಿ" ಎಂದು ಪ್ರಮಿಲಾಳನ್ನು ಸೇರಿಸಿಕೊಂಡವರು ಅವರೇ. ಅದನ್ನು ವಾರಕ್ಕೊಮ್ಮೆ ಎಲ್ಲರೆದುರು ನೆನಪಿಸುತ್ತಲೂ ಇದ್ದರು.

ಪ್ರಮಿಲಾ ವರ್ಷಗಟ್ಟಲೆ ಕೂತು ಕಟ್ಟಿದ ಲೆಕ್ಕ ಒಂದು ಮಾತು ಹೇಳಿತು: ದಂಡೆಯ ಹತ್ತಿರದ ನೀರು ಇದೇ ರೀತಿ ಬೆಚ್ಚಗಾಗುತ್ತ ಹೋದರೆ ಬೂತಾಯಿ ಮೀನು ಇಲ್ಲಿ ನಿಲ್ಲುವುದಿಲ್ಲ. ಒಂದಿಷ್ಟು ಉತ್ತರಕ್ಕೆ ಸರಿಯುತ್ತದೆ, ಬಿಸಿ ಹೆಚ್ಚಾದ ವರ್ಷಗಳಲ್ಲಿ ಬಲೆಗೆ ಸಿಗುವುದೇ ಕಷ್ಟ. ಈ ಬಂದರುಗಳಿಗೆ ಇನ್ನಷ್ಟು ದೊಡ್ಡ ದೋಣಿ ಇಳಿಸುವುದು ಬೇಡ. ಅವಳು ಇದನ್ನು ಬರೆದು ತಂದ ವಾರದಲ್ಲೇ ಮಂತ್ರಿಗಳು ಹೊಸ ದೋಣಿಗಳ ಯೋಜನೆಯನ್ನು ಘೋಷಿಸಿದ್ದರು.

ನೆಲೋಗಿಕರ್ ಅವಳನ್ನು ಕೋಣೆಗೆ ಕರೆದು ಚಹಾ ತರಿಸಿದರು. ಅವರು ಚಹಾ ತರಿಸಿದರೆ ಏನೋ ಕಾದಿದೆ ಎಂದು ಸಂಸ್ಥೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಭಾಳ ಛಲೋ ಕೆಲಸ ಮಾಡೀದಿ. ಆದ್ರ ಈ ಬಿಸಿ ಅನ್ನೂದನ್ನ ಜರಾ ಕೈ ಬಿಡು."

"ಬಿಸಿ ಬಿಟ್ರ ಇದರಾಗ ಏನೂ ಉಳಿಯೂದಿಲ್ರಿ ಸರ್. ಮೀನ ಸರಿಯೂದ ಅದರಿಂದ."

"ಉಳೀತದ ತಂಗಿ, ಯಾಕ ಉಳಿಯೂದಿಲ್ಲ? ಈಗ ಮಂತ್ರಿಗಳು ದೋಣಿ ಕೊಡ್ತೇನಿ ಅಂದಾರ. ನೀ ಮೀನ ಹೋಗ್ತಾವ ಅಂತಿ. ಹಂಗಾದ್ರ ದೋಣ್ಯಾಗ ಏನ್ ತುಂಬಬೇಕು, ಬರೇ ನೀರ?" ಎಂದು ತಾವೇ ನಕ್ಕರು. "ವಿಜ್ಞಾನಕ್ಕ ಸ್ವಲ್ಪ ವ್ಯವಹಾರನೂ ಬೇಕವ್ವಾ."

ಪ್ರಮಿಲಾ ಚಹಾ ಮುಟ್ಟದೆ ಎದ್ದಳು. ಆದರೆ ಅವಳು ಎದ್ದರೆ ಕೆಲಸ ನಿಲ್ಲುತ್ತದೆಯೇ? ಇನ್ನೊಬ್ಬ ಸಹಾಯಕನನ್ನು ಕೂರಿಸಿ, ಹೋದ ಇಪ್ಪತ್ತು ವರ್ಷಗಳ ಸರಾಸರಿ ಬಿಸಿ ಎಷ್ಟೋ ಅಷ್ಟೇ ಮುಂದೆಯೂ ಇರುತ್ತದೆ ಎಂದು ಲೆಕ್ಕದಲ್ಲಿ ಬರೆಸಲಾಯಿತು. ಹೀಗೆ ಡಾಕ್ಟರ್ ನೆಲೋಗಿಕರ್ ಅವರ ಆಜ್ಞೆಯಂತೆ ಅರಬ್ಬೀ ಸಮುದ್ರ ಬೆಚ್ಚಗಾಗುವುದನ್ನು ನಿಲ್ಲಿಸಿತು. ಸೂರ್ಯನಿಗೆ ಮಾತ್ರ ಆ ಸುತ್ತೋಲೆ ತಲುಪಿರಲಿಲ್ಲ. ಮೀನು ಧಾರಾಳವಾಗಿದೆ, ದೋಣಿ ಎಷ್ಟು ಬೇಕಾದರೂ ಇಳಿಸಬಹುದು ಎಂದು ವರದಿ ಅಚ್ಚಾಯಿತು. ಲೇಖಕರ ಸಾಲಿನಲ್ಲಿ ನಿರ್ದೇಶಕರ ಹೆಸರಿನ ಕೆಳಗೆ ಅವಳ ಹೆಸರೂ ಇತ್ತು. ತೆಗೆಯಿರಿ ಎಂದು ಅವಳು ಕೇಳಿದಳು. ಅವರು ಔದಾರ್ಯದಿಂದ ತೆಗೆಯಲಿಲ್ಲ. ಅವಳು ರಾಜೀನಾಮೆ ಮೇಜಿನ ಮೇಲಿಟ್ಟು ರೈಲು ಹತ್ತಿದಳು. ಅದು ತೊಂಬತ್ತಮೂರನೆಯ ಇಸವಿ.

ತೊಂಬತ್ತಾರರ ಹೊತ್ತಿಗೆ ಆ ಬಂದರುಗಳಲ್ಲಿ ದೋಣಿಗಳು ಒಂದಕ್ಕೊಂದು ಆತುಕೊಂಡು ನಿಲ್ಲುವಷ್ಟಾದವು. ಬೂತಾಯಿ ಬರಲಿಲ್ಲ. ಮೊದಲ ವರ್ಷ ಮಳೆಯನ್ನು ಬೈದರು, ಎರಡನೆಯ ವರ್ಷ ಪಕ್ಕದ ರಾಜ್ಯದ ಬಲೆಗಳನ್ನು ಬೈದರು. ಆಮೇಲೆ ಸಂಸ್ಥೆಯ ವರದಿ ಯಾರಿಗೋ ನೆನಪಾಯಿತು. ಹೆಂಗಸರು ಗಂಡಸರು ಕೂಡಿ ಬಂದು ಖಾಲಿ ಬುಟ್ಟಿಗಳನ್ನು ಸಂಸ್ಥೆಯ ಅಂಗಳದಲ್ಲಿ ರಾಶಿ ಹಾಕಿ ಹೋದರು. ನಿರ್ದೇಶಕರು ಹಿಂಬಾಗಿಲಿನಿಂದ ಹೊರಬಿದ್ದರೆಂದು ಪೇಪರಿನಲ್ಲಿ ಬಂತು. ಸರ್ಕಾರ ವಿಚಾರಣಾ ಸಮಿತಿ ಮಾಡಿತು.

ಅಫಜಲಪುರದ ಕಾಲೇಜಿನಲ್ಲಿ ಪ್ರಮಿಲಾ ಇದನ್ನು ಓದಿದಳು. ಮೊದಲು ಖುಷಿಯಾಯಿತು, ಬಾಯಲ್ಲಿ ಬೆಲ್ಲ ಇಟ್ಟಂಥ ಖುಷಿ. ಪೇಪರಿನ ಫೋಟೋದಲ್ಲಿ ಒಬ್ಬಾಕೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಆ ಮುಖ ನೋಡಿದ ಮೇಲೆ ಖುಷಿ ಹಳಸಿತು. ಪೇಪರು ಮಡಚಿಟ್ಟು ಕ್ಲಾಸಿಗೆ ಹೋದಳು.

ಆ ಬೇಸಿಗೆಯಲ್ಲಿ ಕಾಲೇಜಿಗೆ ರಜೆ. ಗಾಣಗಾಪುರದಲ್ಲಿ ನಡು ಮಧ್ಯಾಹ್ನಕ್ಕೆ ಯಾತ್ರಿಕರು ಜೋಳಿಗೆ ಹಿಡಿದು ಮನೆಮನೆಗೆ ಮಧುಕರಿ ಬೇಡಲು ಬರುತ್ತಾರೆ. ಆ ಹೊತ್ತಿನಲ್ಲಿ ದತ್ತನೂ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಅದಕ್ಕೇ ಬಾಗಿಲಿಗೆ ಬಂದವರನ್ನು ಊರಿನಲ್ಲಿ ಯಾರೂ ಬರಿಗೈಲಿ ಕಳಿಸುವುದಿಲ್ಲ. ಕಲೆಕ್ಟರೂ ಬೇಡುತ್ತಾನೆ, ಕಳ್ಳನೂ ಬೇಡುತ್ತಾನೆ. ಸುಲಭಾ ಒಲೆಯ ಮುಂದಿದ್ದಳು. "ಭಿಕ್ಷಾಂ ದೇಹಿ" ಎಂಬ ದನಿ ಕೇಳಿ ಪ್ರಮಿಲಾ ಜೋಳದ ಭಕ್ರಿ ತೆಗೆದುಕೊಂಡು ಹೊರಗೆ ಬಂದಳು.

ಬಾಗಿಲಲ್ಲಿ ಡಾಕ್ಟರ್ ವ್ಯಂಕಟೇಶ ನೆಲೋಗಿಕರ್ ನಿಂತಿದ್ದರು. ಇಸ್ತ್ರಿ ಮಾಡಿದ ಪಂಚೆ, ರೇಷ್ಮೆ ಅಂಚಿನ ಜೋಳಿಗೆ, ಕೈಯಲ್ಲಿ ಬಂಗಾರದ ಬಣ್ಣದ ಗಡಿಯಾರ. ಬಿಸಿಲಿಗೆ ಬರಿಗಾಲು ಸುಟ್ಟು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದರು. ಓಣಿಯ ತಿರುವಿನಲ್ಲಿ ಸರ್ಕಾರಿ ಜೀಪು ನೆರಳು ಹುಡುಕಿ ನಿಂತಿತ್ತು.

ಪ್ರಮಿಲಾಳ ಕೈ ಒಂದು ಗಳಿಗೆ ಹಿಂದೆ ಬಂತು. ಒಳಗಿಂದ ಸುಲಭಾ ನೋಡುತ್ತಿದ್ದಳು. ಭಕ್ರಿಯನ್ನು ಜೋಳಿಗೆಗೆ ಹಾಕಿದಳು.

"ಪ್ರಮಿಲಾ, ಆರಾಮಿದ್ದಿ ಏನವ್ವಾ?" ಎಂದರು ಅವರು, ಕಣ್ಣಲ್ಲಿ ನೀರು ತಂದುಕೊಂಡು.

"ಮಧುಕರಿಗೆ ಬಂದೋರು ಮಾತಾಡಬಾರದ್ರಿ ಸರ್. ಮುಂದಿನ ಮನಿ ನೋಡ್ರಿ."

ಅವರು ಮುಂದಿನ ಮನೆ ನೋಡಲಿಲ್ಲ. ಹರಿ ಯಾತ್ರಿಕರಿಗಾಗಿ ನಡೆಸುತ್ತಿದ್ದ ಲಾಡ್ಜಿನಲ್ಲೇ ಕೋಣೆ ಹಿಡಿದಿದ್ದರು. ಅದು ಯಾರ ಲಾಡ್ಜು ಎಂದು ತಿಳಿದೇ ಹಿಡಿದಿದ್ದರು. ಬೇಡಿ ತಂದ ಭಕ್ರಿಯನ್ನು ಜೀಪಿನ ಡ್ರೈವರ್ ತಿಂದ. ನಿರ್ದೇಶಕರಿಗೆ ಹರಿಯ ಮನೆಯಿಂದ ಶಿರಾ, ಬದನೆಕಾಯಿ ಎಣಗಾಯಿ, ಮೊಸರು ಹೋಯಿತು. ಉಂಡು, ಮಲಗೆದ್ದು, ಸಂಜೆಗೆ ಅವರು ಹರಿಯ ಪಡಸಾಲೆಗೆ ಬಂದು ಕೂತರು. ಇಂಥ ದೊಡ್ಡ ಅಧಿಕಾರಿ ತನ್ನ ಚಾಪೆಯ ಮೇಲೆ ಕೂತದ್ದಕ್ಕೆ ಹರಿಗೆ ಎದ್ದು ನಿಲ್ಲಬೇಕೋ ಕೂಡಬೇಕೋ ತಿಳಿಯಲಿಲ್ಲ.

"ದತ್ತ ಮಹಾರಾಜ ನನ್ನ ಕರಸ್ಯಾನ," ಎಂದು ಶುರುಮಾಡಿದರು ನೆಲೋಗಿಕರ್. "ಇಲ್ಲಿ ಭೂತ ಬಿಡ್ತಾವಂತಲ್ಲ, ನನಗೂ ಒಂದು ಹಿಡದದ. ವಿಚಾರಣಾ ಸಮಿತಿ."

ಹರಿ ನಕ್ಕ. ಪ್ರಮಿಲಾ ನಗಲಿಲ್ಲ.

ಅವರು ವಿಷಯಕ್ಕೆ ಬಂದರು. ಬಿಸಿಯನ್ನು ಲೆಕ್ಕದಿಂದ ಯಾಕೆ ತೆಗೆದಿರಿ ಎಂದು ಸಮಿತಿ ಕೇಳುತ್ತಿದೆ. ಮುಂದಿನ ತಿಂಗಳು ಸಭೆ. ಅದಕ್ಕೆ ಮೊದಲು, ಬರುವ ಭಾನುವಾರ ಜೇವರ್ಗಿಯಲ್ಲಿ ಊರಿನವರು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಪೇಪರಿನವರು ಬರುತ್ತಾರೆ. ಪ್ರಮಿಲಾ ಬಂದು ನಾಲ್ಕು ಮಾತಾಡಬೇಕು.

"ಏನಂತ?"

"ಮತ್ತೇನಿಲ್ಲ. ಲೆಕ್ಕ ನೀನ ಮಾಡೀದಿ. ಆಗಿನ ಕಂಪ್ಯೂಟರಿಗೆ ಬಿಸಿ ಹಿಡಿಸಲಿಲ್ಲ, ಕೂಡಿಬರಲಿಲ್ಲ, ಅದಕ್ಕ ಬಿಟ್ಟೆ ಅನ್ನು. ನೀ ಈಗ ನೌಕರ್ಯಾಗಿಲ್ಲ, ನಿನಗ ಯಾರೂ ಏನೂ ಮಾಡೂದಿಲ್ಲ. ನಾ ಪಾರಾದೆ ಅಂದ್ರ ನಿನ್ನ ಕುರ್ಚಿ ನಿನಗ. ಇನ್ನೂ ಒಂದು ಮೆಟ್ಟಲು ಮ್ಯಾಲಿನ ಕುರ್ಚಿ."

ನಿಜ ಹೇಳಬೇಕೆಂದರೆ ಆ ಕುರ್ಚಿ ಪ್ರಮಿಲಾಗೆ ಬೇಕಾಗಿತ್ತು. ಪಿಯುಸಿ ಹುಡುಗರಿಗೆ ಅದದೇ ಸಮೀಕರಣ ಬರೆಯುತ್ತ ಅವಳ ಬುದ್ಧಿಗೆ ತುಕ್ಕು ಹಿಡಿಯುತ್ತಿತ್ತು. ಕಿಟಕಿಯಾಚೆಯ ಉಪ್ಪುಗಾಳಿ, ಮಷೀನಿನ ಮುಂದೆ ಕೂತು ಒಂದು ಚೌಕದಿಂದ ಇನ್ನೊಂದಕ್ಕೆ ಮೀನು ಸರಿಯುವುದನ್ನು ಕಾಯುವ ಆ ಉಸಿರುಗಟ್ಟುವ ಕುತೂಹಲ, ಎಲ್ಲವೂ ಒಮ್ಮೆಗೆ ನೆನಪಾದವು. ಎದುರಿಗೆ ಕೂತ ಮನುಷ್ಯ ಅದನ್ನು ಬಲ್ಲವನಾಗಿದ್ದ. ಬಲ್ಲವನಾದ್ದರಿಂದಲೇ ಇಷ್ಟು ದೂರ ಬಂದಿದ್ದ.

"ಹೂಂ ಅನ್ನು ಪ್ರಮಿಲಾ," ಎಂದ ಹರಿ. "ದೊಡ್ಡವರು ಮನಿ ಬಾಗಲಿಗೆ ಬಂದಾರ."

"ಜೇವರ್ಗಿಗೆ ಬರ್ತೇನಿ," ಎಂದಳು ಪ್ರಮಿಲಾ.

ಬರುತ್ತೇನೆಂದಳೇ ಹೊರತು ಏನು ಹೇಳುತ್ತೇನೆಂದು ಹೇಳಲಿಲ್ಲ. ತಾವು ಕೇಳಿದ್ದಕ್ಕೆ ಜನ ಒಪ್ಪದೆ ಇರುವುದನ್ನು ನೆಲೋಗಿಕರ್ ಜೀವನದಲ್ಲಿ ಹೆಚ್ಚು ಕಂಡವರಲ್ಲ. ಆದ್ದರಿಂದ ಆಶೀರ್ವಾದ ಮಾಡಿ ಎದ್ದರು.

ಜೇವರ್ಗಿಯ ಕಲ್ಯಾಣ ಮಂಟಪಕ್ಕೆ "ಸಮುದ್ರ ಗೆದ್ದ ನಮ್ಮ ಕುವರ" ಎಂಬ ಬಟ್ಟೆಯ ಬ್ಯಾನರು ಕಟ್ಟಿದ್ದರು. ಸನ್ಮಾನ ಸಮಿತಿಯ ಅಧ್ಯಕ್ಷ, ಅಡತ ವ್ಯಾಪಾರಿ ಭೀಮಶಾ. ತೊಗರಿಯ ತೂಕದಲ್ಲಿ ಅವನ ತಕ್ಕಡಿ ಎಂದೂ ರೈತನ ಕಡೆ ವಾಲಿದ್ದಿಲ್ಲ. ಹೊಗಳಿಕೆಯ ತೂಕದಲ್ಲಿ ಮಾತ್ರ ಕೈ ಬಿಚ್ಚಿದ. "ನಮ್ಮ ಭೀಮಾ ನದಿ ಮೀನ ಸಮುದ್ರಕ್ಕ ಹೋಗಿ ತಿಮಿಂಗಿಲ ಆಗ್ಯಾದ್ರಿ!" ಎಂದ. ಚಪ್ಪಾಳೆ. ಕಡಲಿನಲ್ಲಿ ಏನಾಗಿದೆ, ಯಾಕೆ ವಿಚಾರಣೆ ಎಂದು ಸಭೆಯಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಕೆಲವರು, ದೊಡ್ಡವರ ಮೇಲೆ ಹೊಟ್ಟೆಕಿಚ್ಚಿನವರು ಇದ್ದೇ ಇರುತ್ತಾರೆ ಎಂದು ಮುಗಿಸಿಬಿಟ್ಟಿದ್ದರು. ಆಮೇಲೆ ಮಾತಿಗೆ ನಿಂತವನು ಆಳಂದದ ವಕೀಲ, ಪ್ರಮಿಲಾಳನ್ನು ಒಲ್ಲೆ ಎಂದಿದ್ದ ಅದೇ ಮಹಾಶಯ. ಸಮುದ್ರಮಥನದಿಂದ ಹಿಡಿದು ಮತ್ಸ್ಯಾವತಾರದವರೆಗೆ ಮಾತಾಡಿ, ಮೀನು ಎಷ್ಟು ಪವಿತ್ರವೆಂದು ಸಾಧಿಸಿದ. ಅವಳ ಕಡೆ ಒಮ್ಮೆಯೂ ನೋಡಲಿಲ್ಲ.

ಪ್ರಮಿಲಾಳ ಸರದಿ ಬಂತು. ಮುಂದಿನ ಸಾಲಿನಲ್ಲಿ ಹರಿ, ಸುಲಭಾ ಕೂತಿದ್ದರು. ಐದು ವರ್ಷದಿಂದ ಒಳಗೆ ಮಸೆದಿಟ್ಟುಕೊಂಡ ಮಾತನ್ನು ಇವತ್ತು ಆಡಿಬಿಡುತ್ತೇನೆಂದು ಅವಳು ಎದ್ದಿದ್ದಳು. ಒಂದೊಂದು ಪದವನ್ನೂ ಆರಿಸಿ ತಂದಿದ್ದಳು.

"ಸಮುದ್ರದ ಮೇಲ್ಮೈ ತಾಪಮಾನವನ್ನು ನನ್ನ ಮಾದರಿಯಲ್ಲಿ ಚರಾಂಶವಾಗಿ ಪರಿಗಣಿಸಲಾಗಿತ್ತು. ಮಾನ್ಯ ನಿರ್ದೇಶಕರು ಅದನ್ನು ಸ್ಥಿರಾಂಕವಾಗಿ ಪರಿವರ್ತಿಸಿದರು. ಜಗತ್ತಿನ ಯಾವ ವಿಜ್ಞಾನಿಯೂ ಮಾಡಲು ಧೈರ್ಯ ಮಾಡದ ಈ ಪರಿವರ್ತನೆಯ ಸಂಪೂರ್ಣ ಶ್ರೇಯಸ್ಸು ಅವರೊಬ್ಬರಿಗೇ ಸಲ್ಲಬೇಕು. ಇಂದು ಬಂದರುಗಳಲ್ಲಿ ನಿಂತಿರುವ ಪ್ರತಿಯೊಂದು ದೋಣಿಯೂ ಅವರ ಕೊಡುಗೆ."

ಹೇಳಿ ಮುಗಿಸಿ ಅವಳು ಸಭೆಯನ್ನು ನೋಡಿದಳು. ಮೊದಲು ಚಪ್ಪಾಳೆ ತಟ್ಟಿದವರು ಸ್ವತಃ ನೆಲೋಗಿಕರ್. ಅವರಿಗೆ ಪ್ರತಿಯೊಂದು ಮಾತೂ ಅರ್ಥವಾಗಿತ್ತು. ಬೇರೆ ಯಾರಿಗೂ ಆಗಿಲ್ಲವೆಂಬುದೂ ಅಷ್ಟೇ ಬೇಗ ಅರ್ಥವಾಗಿತ್ತು. ಅವರ ಹಿಂದೆಯೇ ಇಡೀ ಮಂಟಪ ಚಪ್ಪಾಳೆ ತಟ್ಟಿತು. ಭೀಮಶಾ ಓಡಿಬಂದು ಗುರುವಿಗೆ ಹಾಕಿ ಉಳಿದ ಶಾಲನ್ನು ಶಿಷ್ಯೆಗೂ ಹೊದಿಸಿದ. "ಎಂಥಾ ಗುರುಭಕ್ತಿ ನೋಡ್ರಿ!" ಎಂದು ಮೈಕಿನಲ್ಲಿ ಕೂಗಿದ. ಪ್ರಮಿಲಾ "ಅಲ್ರಿ, ನಾ ಹೇಳಿದ್ದು…" ಎನ್ನುವಷ್ಟರಲ್ಲಿ ಮೈಕು ವಂದನಾರ್ಪಣೆಗೆ ಹೋಗಿತ್ತು.

ಮರುದಿನ ಪೇಪರಿನಲ್ಲಿ ಅವಳು ಶಾಲು ಹೊದ್ದು ನಿಂತ ಫೋಟೋ ಬಂತು. ಮೇಲೆ ದಪ್ಪಕ್ಷರದಲ್ಲಿ: "ಪರಿವರ್ತನೆಯ ಹರಿಕಾರನಿಗೆ ಶಿಷ್ಯೆಯ ನಮನ." ಹರಿ ಅದನ್ನು ಲಾಡ್ಜಿನ ಗೋಡೆಗೆ ಅಂಟಿಸಿದ. ಪ್ರಮಿಲಾ ಹರಿದು ಬಿಸಾಡಿದಳು. ಅವನು ಇನ್ನೊಂದು ಪ್ರತಿ ತಂದ.

"ಅವರು ಮೂರ್ಖರು ವೈನಿ," ಎಂದಳು ಅಡಿಗೆಮನೆಯಲ್ಲಿ, ಮೈಯೆಲ್ಲ ಉರಿದು. "ಒಂದು ಮಂಟಪ ತುಂಬ ಮೂರ್ಖರು."

ಸುಲಭಾ ಒಲೆ ಸಣ್ಣ ಮಾಡಿದಳು. "ನಾನೂ ಅಲ್ಲೇ ಇದ್ನೆಲ್ಲ. ನನಗೂ ತಿಳೀಲಿಲ್ಲ. ಹೊಗಳಿದಿ ಅಂತನ ತಿಳದೆ. ಕೊಬ್ರಿ ವಡಿ ಹಂಗ ಹೇಳಿದ್ರ ಭೀಮಶಾಗೂ ತಿಳೀತಿತ್ತು." ಒಲೆಯ ಮೇಲಿನ ಭಕ್ರಿ ಮಗುಚಿ, "ಅವರಿಗೆ ತಿಳಿಲಿ ಅಂತ ಹೇಳಿದ್ದೇನು, ನೀ ಎಷ್ಟು ಶಾಣ್ಯಾಕಿ ಅಂತ ತೋರಸಲಿಕ್ಕೆ ಹೇಳಿದ್ದೇನು?" ಎಂದಳು.

ಪ್ರಮಿಲಾ ಊಟ ಮಾಡದೆ ಎದ್ದುಹೋದಳು. ನದಿ ಸಂಗಮದ ಕಡೆ ನಡೆದು, ಅತ್ತಿಮರದ ಸುತ್ತ ಪ್ರದಕ್ಷಿಣೆ ಹಾಕುವವರನ್ನು ನೋಡುತ್ತ ಹೊತ್ತಿಳಿಯುವವರೆಗೆ ಕೂತಳು. ನೆಲೋಗಿಕರ್ ಮೇಲಿನ ಸಿಟ್ಟು ಇಳಿಯಲಿಲ್ಲ. ಆದರೆ ಸುಲಭಾಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದರೆ ಅದು ಬರಲೇ ಇಲ್ಲ.

ಮುಂದಿನ ತಿಂಗಳು ಯಾರೂ ಕರೆಯದೆ, ಹರಿಗೆ ಹೇಳದೆ, ಕಾಲೇಜಿಗೆ ರಜೆ ಹಾಕಿ ರೈಲು ಹತ್ತಿ ಕಡಲ ದಂಡೆಗೆ ಹೋದಳು.

ಸಮಿತಿ ಸಂಸ್ಥೆಯ ದೊಡ್ಡ ಕೋಣೆಯಲ್ಲಿ ಕೂತಿತ್ತು. ಅಧ್ಯಕ್ಷರು ನಿವೃತ್ತ ಅಧಿಕಾರಿ. ಫ್ಯಾನಿನ ಕೆಳಗಿನ ಜಾಗ ಬಿಟ್ಟು ಮತ್ತಾವುದರಲ್ಲೂ ಅವರಿಗೆ ಆಸಕ್ತಿ ಕಾಣುತ್ತಿರಲಿಲ್ಲ. ನೆಲೋಗಿಕರ್ ಜೇವರ್ಗಿಯ ಪೇಪರನ್ನು ಮುಂದಿಟ್ಟು, ಲೆಕ್ಕ ಮಾಡಿದಾಕೆಯೇ ಇದನ್ನು ಸಾರ್ವಜನಿಕವಾಗಿ ಮೆಚ್ಚಿಕೊಂಡಿದ್ದಾಳೆ ಎನ್ನುತ್ತಿದ್ದರು. ಪ್ರಮಿಲಾ ಬಾಗಿಲಲ್ಲಿ ಕಂಡಾಗ ಅವರ ಮಾತು ತೊಡರಿತು. ಹಿಂದಿನ ಬೆಂಚುಗಳಲ್ಲಿ ದೋಣಿಯವರು, ಮೀನು ಮಾರುವ ಹೆಂಗಸರು ಕೂತಿದ್ದರು. ಅವರನ್ನು ಒಳಗೆ ಬಿಟ್ಟಿದ್ದು ಕೇಳಲಿಕ್ಕೆ, ಮಾತಾಡಲಿಕ್ಕಲ್ಲ.

"ಆ ಲೆಕ್ಕ ಮಾಡಿದವಳು ನಾನೇ," ಎಂದಳು ಪ್ರಮಿಲಾ. "ಹೇಳುವುದಿದೆ."

"ನಿಮ್ಮ ಊರು ಯಾವುದು?" ಎಂದರು ಅಧ್ಯಕ್ಷರು.

"ಗಾಣಗಾಪುರ. ಗುಲಬರ್ಗಾ ಜಿಲ್ಲೆ."

"ಅಲ್ಲಿ ಸಮುದ್ರ ಇದೆಯೇ?" ಎಂದು ಕೇಳಿ ತಾವೇ ನಕ್ಕರು. ಪಕ್ಕದವರೂ ನಕ್ಕರು.

ತಕ್ಕ ಉತ್ತರ ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಮೇಜಿಗೆ ಬೆನ್ನು ಹಾಕಿ ಬೆಂಚುಗಳ ಕಡೆ ತಿರುಗಿದಳು.

"ನೀರು ಬಿಸಿಯಾಗುತ್ತದೆ, ಬೂತಾಯಿ ಇಲ್ಲಿಂದ ಹೋಗುತ್ತದೆ, ಹೊಸ ದೋಣಿ ಬೇಡ ಅಂತ ನಾನು ಬರೆದುಕೊಟ್ಟಿದ್ದೆ. ಇವರು ನೀರು ಬಿಸಿಯಾಗುವುದೇ ಇಲ್ಲ ಅಂತ ಬದಲಾಯಿಸಿದರು. ಬಿಸಿಯಾಗದ ಸಮುದ್ರ ಕಾಗದದ ಮೇಲೆ ಮಾತ್ರ ಇರುತ್ತದೆ. ನೀವು ದೋಣಿ ಇಳಿಸಿದ್ದು ಈ ಸಮುದ್ರಕ್ಕೆ."

ಕೋಣೆಯಲ್ಲಿ ಗದ್ದಲ ಎದ್ದಿತು. ಅಧ್ಯಕ್ಷರು ಮೇಜು ಕುಟ್ಟಿದರು. ನೆಲೋಗಿಕರ್ ನೀರು ತರಿಸಿದರು. ಗದ್ದಲದ ನಡುವೆ ನೆರೆತ ಗಡ್ಡದ ಒಬ್ಬ ದೋಣಿಯವನು ಎದ್ದು ನಿಂತ. ಅವನು ಕೂಗಲಿಲ್ಲ.

"ಇನ್ನು ಬರುವುದೇ ಇಲ್ಲವಾ ಮೀನು?"

"ಕೆಲವು ವರ್ಷ ಬರುತ್ತದೆ. ನೀರು ತಂಪಿದ್ದ ವರ್ಷ. ಅಂಥ ವರ್ಷಗಳು ಕಡಿಮೆಯಾಗುತ್ತ ಹೋಗುತ್ತವೆ. ನನ್ನ ಲೆಕ್ಕವೂ ಪೂರ್ತಿ ಸರಿಯಿಲ್ಲ. ಉತ್ತರಕ್ಕೆ ಹೋಗುತ್ತವೆ ಎಂದಿದ್ದೆ, ಆಳಕ್ಕೂ ಇಳಿದಿವೆ. ಅದು ನನಗೆ ಗೊತ್ತಾಗಿರಲಿಲ್ಲ."

"ಇಷ್ಟು ಗೊತ್ತಿತ್ತಲ್ಲ," ಎಂದ ಅವನು. "ಆಗ ಬಂದರಿಗೆ ಬಂದು ನಮಗೊಂದು ಮಾತು ಹೇಳ್ಬಹುದಿತ್ತಲ್ಲ ಮೇಡಂ?"

ಪ್ರಮಿಲಾ ಬಾಯಿ ತೆರೆದಳು. ರಾಜೀನಾಮೆ ಕೊಟ್ಟೆ ಎಂದು ಹೇಳಬಹುದಿತ್ತು. ಬಂದರಿನ ಮುಂದೆಯೇ ಹಾದು ರೈಲಿಗೆ ಹೋಗಿದ್ದಳು. ಇಳಿದು ಹೇಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. "ಹೌದು," ಎಂದಳು. "ಹೇಳಬೇಕಾಗಿತ್ತು."

ಸಮಿತಿ ವರದಿ ಕೊಟ್ಟಿತು. ಯಾರ ತಪ್ಪೂ ಅಲ್ಲ, ಪ್ರಕೃತಿಯ ವೈಪರೀತ್ಯ. ಇನ್ನು ಮುಂದೆ ತಾಪಮಾನವನ್ನೂ ಪರಿಗಣಿಸತಕ್ಕದ್ದು ಎಂಬುದು ಅದರ ಸಾರ. ಈ ಒಂದು ವಾಕ್ಯವನ್ನು ಬರೆಯಲು ಐದು ಜನ ಹಿರಿಯರು, ಎರಡು ಅತಿಥಿಗೃಹಗಳು ಬೇಕಾದವು. ಡಾಕ್ಟರ್ ನೆಲೋಗಿಕರ್ ಅವರನ್ನು ಅಲ್ಲಿಂದ ಎತ್ತಿ ದೆಹಲಿಗೆ ಹಾಕಿದರು. ಶಿಕ್ಷೆಯೆಂದು ಕೆಲವರು ತಿಳಿದರು. ದೆಹಲಿಯಲ್ಲಿ ಆಗ ಭೂಮಿಯ ಬಿಸಿಯ ಬಗ್ಗೆ ಮಾತಾಡುವವರಿಗೆ ಬೇಡಿಕೆ ಬಂದಿತ್ತು. ಮೀನಿನ ಲೆಕ್ಕದಲ್ಲಿ ಸಮುದ್ರದ ಬಿಸಿಯನ್ನು ಸೇರಿಸಬೇಕೆಂದು ಈ ದೇಶದಲ್ಲಿ ಮೊದಲು ಹೇಳಿದವನು ನಾನೇ ಎಂದು ಅವರು ಹೇಳಿಕೊಂಡು ವಿದೇಶದ ಸಭೆಗಳಿಗೆ ಹೋಗತೊಡಗಿದರು. ಜೇವರ್ಗಿ ಮತ್ತೊಮ್ಮೆ ಬ್ಯಾನರು ಕಟ್ಟಿತು. ಭೀಮಶಾ ಈ ಸಲ ತಿಮಿಂಗಿಲವನ್ನು ವಿಮಾನ ಹತ್ತಿಸಿದ.

ಪ್ರಮಿಲಾಗೆ ಹಳೆಯ ಕುರ್ಚಿ ಸಿಗಲಿಲ್ಲ. ಕಡಲ ದಂಡೆಯ ಒಂದು ಸಣ್ಣ ಮೀನುಗಾರಿಕಾ ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಸಂಬಳ ಅಫಜಲಪುರಕ್ಕಿಂತ ಕಡಿಮೆ. ಹರಿ ಚೌಡಾಪುರದವರೆಗೆ ಬಂದು ಬಸ್ಸು ಹತ್ತಿಸಿದ. ಬೈಯುವಷ್ಟು ಬೈದು, ಕೊನೆಗೆ ಕಿಟಕಿಯ ಹತ್ತಿರ ಬಂದು, "ಅಲ್ಲಿ ಊಟಕ್ಕ ಏನ್ ಮಾಡ್ತಿ?" ಎಂದ.

"ಅಡಗಿ ಮಾಡ್ಕೋತೇನಿ ಅಣ್ಣಾ. ಬ್ಯಾಳಿ ಅಲ್ಲೂ ಸಿಗ್ತದ."

ಮಳೆಗಾಲ ಮುಗಿದು ದೋಣಿಗಳು ಹೊರಡುವ ಹೊತ್ತಿಗೆ ಅವಳು ಬಂದರಿಗೆ ಹೋದಳು. ಹರಾಜಿನ ಕಟ್ಟೆಯ ಮೇಲೆ ನಿಂತು, ಈ ವರ್ಷ ದಂಡೆಯ ನೀರು ಬಿಸಿ ಇದೆ, ಇಲ್ಲಿ ಡೀಸೆಲ್ ಸುಡಬೇಡಿ, ಉತ್ತರಕ್ಕೆ ಹೋಗಿ ಎಂದು ಹೇಳಿದಳು. ಕೆಲವರು ಕೇಳಿದರು. ಕೆಲವರು, ಘಟ್ಟದ ಮೇಲಿಂದ ಬಂದ ಹೆಂಗಸು ನಮಗೆ ಕಡಲು ಕಲಿಸುತ್ತಾಳೆ ಎಂದು ಹಲ್ಲು ಕಿಸಿದು ದೋಣಿ ತಳ್ಳಿದರು. ಸಂಜೆಗೆ ಅವರಲ್ಲಿ ಹೆಚ್ಚಿನವರು ಬರಿಬಲೆ ಹೊತ್ತು ಬಂದರು. ಒಂದು ದೋಣಿ ಮಾತ್ರ ಬೂತಾಯಿ ತುಂಬಿಕೊಂಡು ಬಂತು. ಅದರವರು ಬೆಳ್ಳಗೆ ಹೊಳೆಯುವ ಬುಟ್ಟಿಗಳನ್ನು ಬೇಕೆಂದೇ ಅವಳ ಮುಂದೆ ಇಳಿಸಿ, "ಏನು ಮೇಡಂ, ನಿಮ್ಮ ಲೆಕ್ಕ?" ಎಂದು ಗಹಗಹಿಸಿ ನಕ್ಕರು. ಕಟ್ಟೆಯೆಲ್ಲ ನಕ್ಕಿತು.

ಪ್ರಮಿಲಾ ಸೀರೆ ಸ್ವಲ್ಪ ಮೇಲೆ ಹಿಡಿದು, ನೀರಿಗಿಳಿದು, ದೋಣಿಯ ಹತ್ತಿರ ಹೋದಳು.

"ಎಲ್ಲಿ ಸಿಕ್ಕಿತು?" ಎಂದು ಕೇಳಿದಳು. "ನೀರು ಅಲ್ಲಿ ತಣ್ಣಗಿತ್ತೇನು?"